ಯಾವ ಬ್ರೌಸರ್, ಯಾರಿಗೆ? ವೇಗ, ಸೌಲಭ್ಯ, ಖಾಸಗಿತನದ ಲೆಕ್ಕ

ನೇಮಕಾತಿ ಅರ್ಜಿಯ ಕೊನೆಯ ದಿನ ಹತ್ತಿರ ಬಂತೆಂದರೆ ಧಾರವಾಡದ ಸಪ್ತಾಪುರದ ನೆಟ್ ಸೆಂಟರ್‌ಗಳ ಮುಂದೆ ಪಾಳಿ ಹಚ್ಚಿ ನಿಲ್ಲಬೇಕಾಗುತ್ತದೆ. ಪಾಳಿ ಬೇಗ ಕರಗಲಿ ಎಂದು ಕಂಪ್ಯೂಟರ್ ಮುಂದೆ ಕೂತವರು ಒಂದೇ ಬ್ರೌಸರ್‌ನಲ್ಲಿ ಎರಡು ಟ್ಯಾಬ್ ತೆಗೆಯುತ್ತಾರೆ. ಒಂದರಲ್ಲಿ ಒಬ್ಬ ಅಭ್ಯರ್ಥಿಯ ಲಾಗಿನ್, ಇನ್ನೊಂದರಲ್ಲಿ ಮತ್ತೊಬ್ಬರದು. ಆಮೇಲೆ ಮೊದಲ ಟ್ಯಾಬ್‌ಗೆ ಮರಳಿ ‘ಸೇವ್’ ಒತ್ತಿದರೆ ಆ ವಿವರ ಎರಡನೆಯವರ ಅರ್ಜಿಯಲ್ಲಿ ಹೋಗಿ ಕೂರಬಹುದು. “ಅಣ್ಣಾ, ಈ ಫೋಟೊ ನಂದಲ್ರೀ” ಎಂದು ಅಭ್ಯರ್ಥಿ ಹೇಳಿದಾಗಲೇ ಎಡವಟ್ಟು ಗೊತ್ತಾಗುವುದು. ಎಲ್ಲರೂ ಸೈಟ್ ಕೆಟ್ಟಿದೆ ಎನ್ನುತ್ತಾರೆ. ಬ್ರೌಸರ್ ಮಾತ್ರ ತನ್ನ ನಿಯಮದಂತೆಯೇ ನಡೆದುಕೊಂಡಿರುತ್ತದೆ. ಆ ನಿಯಮ ಯಾವುದು ಎನ್ನುವುದು ಮುಂದೆ ಬರುತ್ತದೆ.

ಪಹಣಿ, ಆಸ್ತಿ ತೆರಿಗೆ, ಸೇವಾ ಸಿಂಧು, ಬ್ಯಾಂಕು, ಬ್ಯಾಡಗಿ ಮಾರುಕಟ್ಟೆಯ ಇ-ಟೆಂಡರ್ ಎಲ್ಲವೂ ಈಗ ಬ್ರೌಸರ್ ಮೂಲಕವೇ ಆಗಬೇಕು. ಅದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಅಂಗಡಿ, ಶಾಲೆ, ಸಣ್ಣ ಕಚೇರಿಗಳ ಹಳೆಯ ಕಂಪ್ಯೂಟರ್‌ಗಳಲ್ಲಿ ಯಾವ ಬ್ರೌಸರ್ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಹಾಗಾಗಿ ಈಗ ಎಲ್ಲರ ಪ್ರಶ್ನೆ.

ಬ್ರೌಸರ್ ಬೇರೆ, ಗೂಗಲ್ ಬೇರೆ

ದೂರದ ಕಂಪ್ಯೂಟರ್‌ನಿಂದ ಪುಟದ ಸಾಮಾನು ತರಿಸಿ, ಜೋಡಿಸಿ, ಪರದೆಯ ಮೇಲೆ ತೋರಿಸುವ ತಂತ್ರಾಂಶವೇ ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ, ಬ್ರೇವ್, ಒಪೆರಾ ಇವೆಲ್ಲ ಬ್ರೌಸರ್‌ಗಳು. ಗೂಗಲ್ ಹುಡುಕಾಟ ಬ್ರೌಸರ್‌ನೊಳಗೆ ತೆರೆದುಕೊಳ್ಳುವ ಒಂದು ತಾಣ. ಈ ವ್ಯತ್ಯಾಸ ಹಣದ ವಿಷಯದಲ್ಲಿ ದೊಡ್ಡದು. ಮೇಲಿನ ಅಡ್ರೆಸ್ ಬಾರ್‌ನಲ್ಲಿ ಪೂರ್ತಿ ವಿಳಾಸ ಬರೆದು ಎಂಟರ್ ಒತ್ತಿದರೆ ನೇರ ಆ ತಾಣಕ್ಕೇ ಹೋಗುತ್ತೀರಿ. ಸೇವೆಯ ಹೆಸರನ್ನಷ್ಟೇ ಬರೆದು ಹುಡುಕಿದರೆ ಮೊದಲ ಸಾಲಿನಲ್ಲಿ ಜಾಹೀರಾತು ಇರಬಹುದು. ಸರ್ಕಾರಿ ತಾಣದ ವೇಷ ಹಾಕಿದ ನಕಲಿ ಪುಟಗಳು ನುಸುಳುವುದು ಅಲ್ಲೇ.

ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ಆರಂಭದ ಜೋಡಿ ಓರೆಗೆರೆ ಬಿಟ್ಟು, ಅದರ ನಂತರ ಬರುವ ಮೊದಲ ಒಂಟಿ ಓರೆಗೆರೆಯ ಹಿಂದೆ ಏನಿದೆ ನೋಡಿ. ಅಲ್ಲಿ ‘ಡಾಟ್ ಗವ್ ಡಾಟ್ ಇನ್’ ಇದ್ದರೆ ಸರ್ಕಾರದ್ದು. ‘ಕರ್ನಾಟಕ’, ‘ಗವ್’ ಎಂಬ ಪದಗಳು ಎಡಗಡೆ ಎಷ್ಟೇ ಇರಲಿ, ಕೊನೆಯಲ್ಲಿ ಬೇರೆ ಹೆಸರಿದ್ದರೆ ಅದು ಆ ಬೇರೆಯವರ ತಾಣ. ಬೀಗದ ಚಿತ್ರ ಇದೆಯಲ್ಲ ಎಂದು ನಂಬುವವರು ಬಹಳ. ಅದು ಹೇಳುತ್ತಿದ್ದುದು ಇಷ್ಟೇ: ನೀವು ಕಳಿಸಿದ ಲಕೋಟೆಗೆ ಅರಗು ಹಚ್ಚಿದೆ, ದಾರಿಯಲ್ಲಿ ಯಾರೂ ಬಿಚ್ಚಿ ಓದಲಾರರು. ಲಕೋಟೆ ಪಡೆಯುವವನು ಸಾಚಾನೋ ಮೋಸಗಾರನೋ ಎಂಬುದು ಅದರಿಂದ ತಿಳಿಯದು. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ, 117ನೇ ಆವೃತ್ತಿಯಿಂದ, ಬೀಗ ತೆಗೆದು ಅಲ್ಲಿ ಸೆಟ್ಟಿಂಗ್ಸ್‌ನ ಚಿಹ್ನೆ ಇಟ್ಟಿತು.

ಒಂದೇ ಹಿಟ್ಟು, ಬೇರೆ ಬೇರೆ ಕೈ

ಹೊರಗಿನ ಹೆಸರು ಹತ್ತಿದ್ದರೂ ಒಳಗಿನ ಯಂತ್ರಗಳು ಮುಖ್ಯವಾಗಿ ಮೂರೇ. ಪುಟವನ್ನು ಓದಿ ಪರದೆಗೆ ಇಳಿಸುವ ಈ ಭಾಗಕ್ಕೆ ಎಂಜಿನ್ ಎನ್ನುತ್ತಾರೆ. ಕ್ರೋಮ್‌ನ ಎಂಜಿನ್ ಬ್ಲಿಂಕ್, ಫೈರ್‌ಫಾಕ್ಸ್‌ನದು ಗೆಕ್ಕೊ, ಸಫಾರಿಯದು ವೆಬ್‌ಕಿಟ್. ಗೂಗಲ್ 2008ರಲ್ಲಿ ಕ್ರೋಮ್ ತಂದಾಗ ಅದರ ಮೂಲವನ್ನು ಕ್ರೋಮಿಯಂ ಎಂಬ ಹೆಸರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಬಿಟ್ಟು ಅದಕ್ಕೆ ಬಂತು. ಮೈಕ್ರೋಸಾಫ್ಟ್ ಕೂಡ 2020ರ ಜನವರಿಯಲ್ಲಿ ಕ್ರೋಮಿಯಂ ಮೇಲೆ ಕಟ್ಟಿದ ಹೊಸ ಎಡ್ಜ್ ಹೊರತಂದಿತು. ಬ್ರೇವ್ ಕೂಡ ಕ್ರೋಮಿಯಂ ಮೇಲೆಯೇ ಕಟ್ಟಿದ್ದು. ಕೇಂದ್ರ ಸರ್ಕಾರ 2023ರಲ್ಲಿ ದೇಶಿ ಬ್ರೌಸರ್‌ಗಾಗಿ ಸ್ಪರ್ಧೆ ಏರ್ಪಡಿಸಿತ್ತು. 2025ರ ಮಾರ್ಚ್‌ನಲ್ಲಿ ಅದನ್ನು ಜೋಹೊ ತಂಡ ಗೆದ್ದಿತು. ಅವರ ‘ಉಲಾ’ ಬ್ರೌಸರ್ ಸಹ ಕ್ರೋಮಿಯಂ ಬುನಾದಿಯದು.

ಜೋಳದ ಹಿಟ್ಟು ಒಂದೇ, ರೊಟ್ಟಿ ಬಡಿಯುವ ಕೈ ಬೇರೆ ಎಂದುಕೊಳ್ಳಿ. ಕ್ರೋಮ್‌ನಲ್ಲಿ ಸರಿಯಾಗಿ ತೆರೆಯುವ ಪುಟ ಎಡ್ಜ್, ಬ್ರೇವ್‌ನಲ್ಲೂ ಸಾಮಾನ್ಯವಾಗಿ ಸರಿಯಾಗಿ ತೆರೆಯುತ್ತದೆ. ಫೈರ್‌ಫಾಕ್ಸ್‌ನ ಹಿಟ್ಟೇ ಬೇರೆ, ಆದ್ದರಿಂದ ಕ್ರೋಮ್ ಒಂದರಲ್ಲೇ ಪರೀಕ್ಷಿಸಿ ಬಿಟ್ಟ ಕೆಲವು ತಾಣಗಳು ಅದರಲ್ಲಿ ಮುಗ್ಗರಿಸುತ್ತವೆ. ಐಫೋನ್‌ನಲ್ಲಿ ಇನ್ನೊಂದು ಥರ. ಭಾರತದಲ್ಲಿ ಅದರ ಮೇಲೆ ಯಾವ ಹೆಸರಿನ ಬ್ರೌಸರ್ ಹಾಕಿದರೂ ಒಳಗೆ ಓಡುವುದು ಆಪಲ್‌ನ ವೆಬ್‌ಕಿಟ್ಟೇ. ಅಲ್ಲಿ ಕ್ರೋಮ್‌ಗೂ ಸಫಾರಿಗೂ ವೇಗ ಹೋಲಿಸಿ ಸಿಗುವುದು ಹೆಚ್ಚೇನಿಲ್ಲ.

ವೇಗ ಎಲ್ಲಿ ಸೋರುತ್ತದೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ ತನ್ನದೇ ದಾರಿಯಲ್ಲಿ ಭರ್ರನೆ ಹೋಗುತ್ತದೆ. ಆದರೂ ಮನೆಯಿಂದ ನಿಲ್ದಾಣಕ್ಕೆ ನಡೆಯುವುದು, ಟಿಕೆಟ್‌ಗೆ ನಿಲ್ಲುವುದು, ಇಳಿದ ಮೇಲೆ ಆಟೋ ಹುಡುಕುವುದು ಎಲ್ಲ ಸೇರಿಯೇ ನಿಮ್ಮ ಪ್ರಯಾಣದ ಹೊತ್ತು. ಬ್ರೌಸರ್‌ನ ಎಂಜಿನ್ ಎಂದರೆ ಬಸ್ಸಿನ ಓಟ ಮಾತ್ರ. ಇಂಟರ್‌ನೆಟ್ ಸಂಪರ್ಕ, ಆ ಕಡೆಯ ಸರ್ವರ್, ಪುಟದ ತೂಕ, ನಿಮ್ಮ ಕಂಪ್ಯೂಟರ್‌ನ ರ‍್ಯಾಮ್ ಉಳಿದ ಹೊತ್ತನ್ನು ತಿನ್ನುತ್ತವೆ.

ಎಂಜಿನ್‌ಗಳ ಓಟ ಅಳೆಯಲು ಸ್ಪೀಡೋಮೀಟರ್ ಎಂಬ ಪರೀಕ್ಷೆ ಇದೆ. ಅದರ 3.0 ಆವೃತ್ತಿಯನ್ನು ಆಪಲ್, ಗೂಗಲ್, ಮೈಕ್ರೋಸಾಫ್ಟ್, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಕೂಡಿಯೇ 2024ರ ಮಾರ್ಚ್‌ನಲ್ಲಿ ತಂದವು. ನಿಮ್ಮ ಕಂಪ್ಯೂಟರ್‌ನಲ್ಲೇ ಅದನ್ನು ಓಡಿಸಿ ನೋಡಬಹುದು. ಒಳ್ಳೆಯ ಕಂಪ್ಯೂಟರ್‌ನಲ್ಲಿ ಅಂಕಗಳು ಬೇರೆ ಬಂದರೂ ಅರ್ಜಿ ತುಂಬುವಾಗ, ಪಹಣಿ ತೆಗೆಯುವಾಗ ಆ ಅಂತರ ಕೈಗೆ ತಾಕುವುದಿಲ್ಲ. 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರದಲ್ಲಿ ತಾಕುವುದು ಮೆಮೊರಿ.

ಬ್ರೌಸರ್‌ಗಳು ಯಾಕಿಷ್ಟು ರ‍್ಯಾಮ್ ಕೇಳುತ್ತವೆ? ಒಂದು ತಾಣದ ದತ್ತಾಂಶ ಇನ್ನೊಂದು ತಾಣದ ಕೈಗೆ ಸಿಗಬಾರದೆಂದು ಪ್ರತಿ ತಾಣಕ್ಕೂ ಪ್ರತ್ಯೇಕ ಕೋಣೆ ಕಟ್ಟುತ್ತವೆ. ಪ್ರೊಸೆಸರ್‌ಗಳಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾದ ಮೇಲೆ 2018ರಲ್ಲಿ ಕ್ರೋಮ್ ಇದನ್ನು ಎಲ್ಲರಿಗೂ ಹಚ್ಚಿತು; ಅದರಿಂದ ಮೆಮೊರಿ ಬಳಕೆ ಸುಮಾರು 10ರಿಂದ 13 ಪ್ರತಿಶತ ಏರುತ್ತದೆಂದು ಗೂಗಲ್ ಆಗಲೇ ಹೇಳಿತ್ತು. ಅಂದರೆ ತಿಂದ ರ‍್ಯಾಮ್‌ನಲ್ಲಿ ಒಂದು ಪಾಲು ನಿಮ್ಮ ಕಾವಲಿಗೆ ಕೊಟ್ಟ ಬೆಲೆ.

ಯಾವ ಟ್ಯಾಬ್ ಹೆಚ್ಚು ತಿನ್ನುತ್ತಿದೆ ಎಂದು ನೋಡಲು ಬ್ರೌಸರ್ ತೆರೆದಿಟ್ಟು ಶಿಫ್ಟ್ ಮತ್ತು ಎಸ್ಕೇಪ್ ಕೀಲಿ ಒಟ್ಟಿಗೆ ಒತ್ತಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಟ್ಯಾಬ್‌ಗಳ, ಎಕ್ಸ್‌ಟೆನ್ಷನ್‌ಗಳ (ಬ್ರೌಸರ್‌ಗೆ ಸೇರಿಸಿದ ಚಿಕ್ಕ ತಂತ್ರಾಂಶಗಳು) ಪಟ್ಟಿ ಬರುತ್ತದೆ. ಮೆಮೊರಿ ಕಾಲಂ ಮೇಲೆ ಒತ್ತಿದರೆ ಹೆಚ್ಚು ತಿನ್ನುವುದು ಮೇಲೆ ಬರುತ್ತದೆ. ಬೇಡದ್ದನ್ನು ಅಲ್ಲಿಯೇ ಮುಗಿಸಬಹುದು. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಕ್ರೋಮ್‌ನಲ್ಲಿ ‘ಪರ್ಫಾರ್ಮೆನ್ಸ್’ ಅಡಿಯ ‘ಮೆಮೊರಿ ಸೇವರ್’ ಹಾಕಿ. ಎಡ್ಜ್‌ನಲ್ಲಿ ಇದೇ ಕೆಲಸಕ್ಕೆ ‘ಸ್ಲೀಪಿಂಗ್ ಟ್ಯಾಬ್ಸ್’ ಇದೆ. ಮುಟ್ಟದೆ ಬಿಟ್ಟ ಟ್ಯಾಬ್‌ಗಳನ್ನು ಇವು ಮಲಗಿಸುತ್ತವೆ. ವಿಂಡೋಸ್‌ನಲ್ಲಿ ಮೆಮೊರಿ ತೀರಾ ಕಡಿಮೆಯಾದಾಗ ಫೈರ್‌ಫಾಕ್ಸ್ ತಾನಾಗಿಯೇ ಹಳೆಯ ಟ್ಯಾಬ್ ಇಳಿಸುತ್ತದೆ. ಒಂದು ಎಚ್ಚರಿಕೆ: ಅರ್ಧ ತುಂಬಿದ ಅರ್ಜಿಯ ಟ್ಯಾಬ್ ಹೀಗೆ ಇಳಿದು ಮತ್ತೆ ಲೋಡ್ ಆದರೆ ತುಂಬಿದ್ದು ಹೋಗಬಹುದು. ಅರ್ಜಿ ತುಂಬುವ ತಾಣಗಳನ್ನು ಅದೇ ಸೆಟ್ಟಿಂಗ್ಸ್‌ನಲ್ಲಿರುವ ‘ಸದಾ ಸಕ್ರಿಯ’ ಪಟ್ಟಿಗೆ ಸೇರಿಸಿಡಿ.

ಪರದೆ ಮಿಣುಕುವುದು, ಪುಟ ಕಪ್ಪಾಗುವುದು ಹಳೆಯ ಗ್ರಾಫಿಕ್ಸ್ ಇದ್ದಲ್ಲಿ ಆಗುತ್ತದೆ; ‘ಸಿಸ್ಟಮ್’ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಬಂದ್ ಮಾಡಿ ಬ್ರೌಸರ್ ಮತ್ತೆ ತೆರೆಯಿರಿ. ಇಷ್ಟೆಲ್ಲ ಆದರೂ ಕಂಪ್ಯೂಟರ್ ಏಳಲೇ ಹತ್ತು ನಿಮಿಷ ಬೇಕೆಂದರೆ ಬ್ರೌಸರ್ ಬದಲಿಸಿ ಉಪಯೋಗವಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಬೇಕು.

ಪುಟದೊಳಗೆ ನಿಂತ ಮೂರನೆಯವರು

ಈಗ ಸಪ್ತಾಪುರದ ಆ ಫೋಟೊ ವಿಷಯಕ್ಕೆ ಬರೋಣ. ಒಂದು ತಾಣಕ್ಕೆ ಲಾಗಿನ್ ಆದಾಗ ಅದು ನಿಮ್ಮ ಬ್ರೌಸರ್‌ಗೆ ಒಂದು ಚೀಟಿ ಕೊಡುತ್ತದೆ. ಅದೇ ಕುಕೀ. ಬಟ್ಟೆ ಅಂಗಡಿಯಲ್ಲಿ ಚೀಲ ಇಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ. ಮುಂದೆ ಪ್ರತಿ ಪುಟಕ್ಕೂ ಬ್ರೌಸರ್ ಆ ಟೋಕನ್ ತೋರಿಸುತ್ತದೆ, ತಾಣ ನಿಮ್ಮನ್ನು ಗುರುತಿಸುತ್ತದೆ. ಟೋಕನ್ ಇರುವುದು ಬ್ರೌಸರ್‌ನ ಕೈಯಲ್ಲಿ, ಟ್ಯಾಬ್‌ನ ಕೈಯಲ್ಲಲ್ಲ. ಒಂದು ತಾಣಕ್ಕೆ ಒಂದೇ ಟೋಕನ್. ಎರಡನೆಯ ಅಭ್ಯರ್ಥಿ ಲಾಗಿನ್ ಆದೊಡನೆ ಮೊದಲನೆಯವರ ಟೋಕನ್ ಹೋಗಿ ಎರಡನೆಯವರದು ಬರುತ್ತದೆ. ಮೊದಲ ಟ್ಯಾಬ್‌ನ ಪರದೆಯ ಮೇಲೆ ಹಳೆಯ ಹೆಸರು ಕಾಣುತ್ತಿದ್ದರೂ ‘ಸೇವ್’ ಒತ್ತಿದಾಗ ಹೋಗುವುದು ಹೊಸ ಟೋಕನ್.

ಪರಿಹಾರ ಸುಲಭ. ಇಬ್ಬರಿಗೆ ಎರಡು ಬೇರೆ ಬ್ರೌಸರ್ ಬಳಸಿ, ಇಲ್ಲವೇ ಕ್ರೋಮ್‌ನಲ್ಲಿ ಎರಡು ಪ್ರೊಫೈಲ್ ಮಾಡಿಕೊಳ್ಳಿ. ಒಬ್ಬರದನ್ನು ಸಾಮಾನ್ಯ ಕಿಟಕಿಯಲ್ಲಿ, ಇನ್ನೊಬ್ಬರದನ್ನು ಇನ್‌ಕಾಗ್ನಿಟೊ ಎಂಬ, ಹಿಸ್ಟರಿ ಉಳಿಸದ ಕಿಟಕಿಯಲ್ಲಿ ತೆರೆದರೂ ನಡೆಯುತ್ತದೆ. ಎರಡು ಇನ್‌ಕಾಗ್ನಿಟೊ ಕಿಟಕಿ ತೆರೆದರೆ ಆಗದು. ಕ್ರೋಮ್‌ನಲ್ಲಿ ತೆರೆದಿರುವ ಎಲ್ಲ ಇನ್‌ಕಾಗ್ನಿಟೊ ಕಿಟಕಿಗಳಿಗೂ ಟೋಕನ್ ಡಬ್ಬಿ ಒಂದೇ. ದಿನವಿಡೀ ಇದೇ ಕೆಲಸ ಮಾಡುವವರಿಗೆ ಫೈರ್‌ಫಾಕ್ಸ್‌ನ ‘ಮಲ್ಟಿ-ಅಕೌಂಟ್ ಕಂಟೇನರ್ಸ್’ ಎಂಬ ಎಕ್ಸ್‌ಟೆನ್ಷನ್ ವರದಾನ. ಮೊಜಿಲ್ಲಾದವರೇ ಮಾಡಿದ್ದು, ಪುಕ್ಕಟೆ. ಪ್ಲಸ್ ಗುರುತಿನ ಮೇಲೆ ಒತ್ತಿ ಹಿಡಿದರೆ ನೀಲಿ, ಕಿತ್ತಳೆ, ಹಸಿರು, ಗುಲಾಬಿ ಬಣ್ಣದ ಡಬ್ಬಿಗಳು ಬರುತ್ತವೆ. ನೀಲಿ ಟ್ಯಾಬ್‌ನಲ್ಲಿ ಒಬ್ಬರು, ಹಸಿರು ಟ್ಯಾಬ್‌ನಲ್ಲಿ ಇನ್ನೊಬ್ಬರು. ಟೋಕನ್‌ಗಳು ಬೆರೆಯುವುದಿಲ್ಲ, ಬಣ್ಣ ನೋಡಿದರೇ ಯಾರದೆಂದು ತಿಳಿಯುತ್ತದೆ.

ಇದೇ ಟೋಕನ್ನಿನ ಇನ್ನೊಂದು ಮುಖವೇ ಖಾಸಗಿತನದ ಪ್ರಶ್ನೆ. ಒಂದು ಸುದ್ದಿ ತಾಣ ತೆರೆದಿರಿ ಎನ್ನಿ. ಸುದ್ದಿ ಬರುವುದು ಆ ತಾಣದಿಂದ. ಸುತ್ತಲಿನ ಜಾಹೀರಾತು, ಓದುಗರನ್ನು ಎಣಿಸುವ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ), ‘ಶೇರ್’ ಗುಂಡಿ ಬರುವುದು ಬೇರೆ ಕಂಪನಿಗಳಿಂದ. ಅವೂ ತಮ್ಮ ಟೋಕನ್ ಕೊಟ್ಟು ಹೋಗುತ್ತವೆ. ದುರ್ಗದ ಬೈಲಿನಲ್ಲಿ ನೀವು ಹತ್ತು ಅಂಗಡಿ ಹೊಕ್ಕಿರಿ, ಹತ್ತೂ ಬಾಗಿಲಲ್ಲಿ ಒಂದೇ ಕಂಪನಿಯ ಆಳು ನಿಂತು ನಿಮ್ಮ ಟೋಕನ್ ಸಂಖ್ಯೆ ಬರೆದುಕೊಂಡ ಎಂದರೆ ಸಂಜೆಗೆ ಅವನ ಪುಸ್ತಕದಲ್ಲಿ ಏನಿರುತ್ತದೆ? ಬಳೆ, ಔಷಧ, ಮದುವೆ ಪತ್ರಿಕೆ ಎಲ್ಲದರ ಬೆಲೆ ಕೇಳಿದ ನಿಮ್ಮ ಇಡೀ ದಿನ. ಮೂರನೆಯವರ ಕುಕೀ ಎಂದರೆ ಇದು.

ಬ್ರೌಸರ್‌ಗಳ ನಡುವೆ ನಿಜವಾದ ಅಂತರ ಇರುವುದು ಈ ಆಳನ್ನು ಏನು ಮಾಡುತ್ತವೆ ಎಂಬಲ್ಲಿ. ಸಫಾರಿ 2020ರ ಮಾರ್ಚ್‌ನಿಂದ ಮೂರನೆಯವರ ಕುಕೀಗಳನ್ನು ಪೂರ್ತಿ ತಡೆದಿದೆ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ತಾಣಕ್ಕೂ ಬೇರೆ ಡಬ್ಬಿ ಇಟ್ಟಿದೆ. ಆಳು ಬಾಗಿಲಲ್ಲಿ ನಿಂತರೂ ಒಂದು ಅಂಗಡಿಯ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಗೆ ತಾಳೆ ಹಾಕಲಾರ. ಬ್ರೇವ್ ಅವನನ್ನು ಒಳಗೇ ಬಿಡುವುದಿಲ್ಲ, ಜಾಹೀರಾತಿನ ಸ್ಕ್ರಿಪ್ಟನ್ನೇ ತಡೆಯುತ್ತದೆ. ಎಡ್ಜ್‌ನಲ್ಲಿ ಬೇಸಿಕ್, ಬ್ಯಾಲೆನ್ಸ್ಡ್, ಸ್ಟ್ರಿಕ್ಟ್ ಎಂಬ ಮೂರು ಹಂತ. ಮೊದಲೇ ಹಾಕಿರುವುದು ನಡುವಿನದು. ಕ್ರೋಮ್ ಈ ಕುಕೀಗಳನ್ನು ತೆಗೆಯುತ್ತೇವೆಂದು 2020ರಲ್ಲಿ ಹೇಳಿ, ಗಡುವು ಮುಂದೂಡುತ್ತ ಬಂದು, 2024ರ ಜುಲೈನಲ್ಲಿ ಆ ಯೋಜನೆ ಕೈಬಿಟ್ಟಿತು. ಬೇಕಾದವರು ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಯಲ್ಲಿ ‘ಥರ್ಡ್-ಪಾರ್ಟಿ ಕುಕೀಸ್’ ತೆರೆದು ತಾವೇ ತಡೆಯಬೇಕು.

ಇದಕ್ಕೆ ಕಾರಣ ಹುಡುಕುವಾಗ ಖರ್ಚು ಯಾರದು ಎಂದು ಕೇಳುವುದು ನ್ಯಾಯ. ಗೂಗಲ್‌ನ ಗಳಿಕೆಯ ದೊಡ್ಡ ಪಾಲು ಜಾಹೀರಾತಿನದು. ಮೊಜಿಲ್ಲಾದ ಆದಾಯದ ಬಹುಪಾಲು ಫೈರ್‌ಫಾಕ್ಸ್‌ನಲ್ಲಿ ಗೂಗಲ್ ಹುಡುಕಾಟವನ್ನು ಮೊದಲಿಗೆ ಇಟ್ಟಿದ್ದಕ್ಕೆ ಗೂಗಲ್ ಕೊಡುವ ಹಣ. ಸಫಾರಿಯಲ್ಲಿ ಅದೇ ಜಾಗಕ್ಕಾಗಿ ಗೂಗಲ್ 2022ರಲ್ಲಿ ಆಪಲ್‌ಗೆ 20 ಬಿಲಿಯನ್ ಡಾಲರ್ ಕೊಟ್ಟಿದ್ದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಿತ್ತು. ಬ್ರೇವ್ ತನ್ನದೇ ಜಾಹೀರಾತು ಮಾರುತ್ತದೆ. 2020ರಲ್ಲಿ ಕೆಲವು ವಿಳಾಸಗಳ ಕೊನೆಗೆ ತನಗೆ ಕಮಿಷನ್ ಬರುವ ಸಂಕೇತ ಸೇರಿಸಿದ್ದು ಗೊತ್ತಾಗಿ ಅದರ ಮುಖ್ಯಸ್ಥ, ಜಾವಾಸ್ಕ್ರಿಪ್ಟ್ ರೂಪಿಸಿದ ಬ್ರೆಂಡನ್ ಐಕ್, ತಪ್ಪಾಯಿತೆಂದು ಒಪ್ಪಿ ಸರಿಪಡಿಸಿದರು.

ವೇಗಕ್ಕೂ ಖಾಸಗಿತನಕ್ಕೂ ನಂಟು ಬೀಳುವುದು ಇಲ್ಲೇ. ಆ ಆಳು ಬರಿಗೈಯಲ್ಲಿ ಬರುವುದಿಲ್ಲ, ತನ್ನ ಸ್ಕ್ರಿಪ್ಟ್, ಚಿತ್ರ, ವಿಡಿಯೊ ಹೊತ್ತು ಬರುತ್ತಾನೆ. ಅದನ್ನೆಲ್ಲ ತರಿಸಲು ನಿಮ್ಮ ಡೇಟಾ, ಬಿಡಿಸಲು ನಿಮ್ಮ ರ‍್ಯಾಮ್. ಅವನನ್ನು ಬಾಗಿಲಲ್ಲೇ ನಿಲ್ಲಿಸಿದರೆ ಜಾಹೀರಾತು ತುಂಬಿದ ಪುಟ ಕಣ್ಣಿಗೆ ಕಾಣುವಷ್ಟು ಬೇಗ ತೆರೆಯುತ್ತದೆ. ಹಳೆಯ ಕಂಪ್ಯೂಟರ್‌ಗೆ ಇದರಷ್ಟು ಅಗ್ಗದ ಚಿಕಿತ್ಸೆ ಬೇರೆ ಇಲ್ಲ.

ಎಕ್ಸ್‌ಟೆನ್ಷನ್: ಸಹಾಯ, ಅಪಾಯ ಎರಡೂ

ಬ್ರೌಸರ್‌ಗೆ ಹೊರಗಿನಿಂದ ಸೇರಿಸುವ ಚಿಕ್ಕ ತಂತ್ರಾಂಶವೇ ಎಕ್ಸ್‌ಟೆನ್ಷನ್. ಜಾಹೀರಾತು ತಡೆಯಲು ಬಹಳ ಜನ ನಂಬಿರುವುದು ಯುಬ್ಲಾಕ್ ಒರಿಜಿನ್. ಗೂಗಲ್ ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಿಸಿ ಮ್ಯಾನಿಫೆಸ್ಟ್ 3 ಎಂಬ ಹೊಸ ಕಟ್ಟಳೆ ತಂದ ಮೇಲೆ ಅದು ಕ್ರೋಮ್‌ನಲ್ಲಿ ನಿಂತುಹೋಯಿತು. ಅದರ ಜಾಗದಲ್ಲಿ ಶಕ್ತಿ ಕಡಿಮೆಯಿರುವ ‘ಲೈಟ್’ ಆವೃತ್ತಿ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ಣ ಆವೃತ್ತಿಯೇ ನಡೆಯುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ.

‘ನೀವು ನೋಡುವ ಎಲ್ಲ ತಾಣಗಳ ಮಾಹಿತಿ ಓದುವ, ಬದಲಿಸುವ’ ಅನುಮತಿ ಪಡೆದ ಎಕ್ಸ್‌ಟೆನ್ಷನ್ ನಿಮ್ಮ ಬ್ಯಾಂಕ್ ಪುಟವನ್ನೂ ಓದಬಲ್ಲದು. ಪಿಡಿಎಫ್ ಪರಿವರ್ತಕ, ಕೂಪನ್ ಹುಡುಕುವವು, ‘ಸರ್ಚ್ ಸಹಾಯಕ’ಗಳೆಂದು ಬಂದು ಸೇರಿದ್ದನ್ನೆಲ್ಲ ಮೊದಲು ತೆಗೆಯಿರಿ. ಮುಖಪುಟ ತಾನಾಗಿ ಬದಲಾದ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದು ಇದ್ದೇ ಇರುತ್ತದೆ.

ಇನ್‌ಕಾಗ್ನಿಟೊ ಏನು ಮರೆಸುತ್ತದೆ, ಏನು ಮರೆಸದು

ಕ್ರೋಮ್, ಎಡ್ಜ್, ಬ್ರೇವ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿದರೆ ಕಪ್ಪು ಅಥವಾ ನೇರಳೆ ಬಣ್ಣದ ಕಿಟಕಿ ತೆರೆಯುತ್ತದೆ. ಅದನ್ನು ಮುಚ್ಚಿದಾಗ ಆ ಕಂಪ್ಯೂಟರ್‌ನಲ್ಲಿ ಹಿಸ್ಟರಿ, ಕುಕೀ, ಫಾರ್ಮ್‌ನಲ್ಲಿ ಬರೆದದ್ದು ಉಳಿಯುವುದಿಲ್ಲ. ನೀವು ನೋಡಿದ ತಾಣಕ್ಕೆ, ಇಂಟರ್‌ನೆಟ್ ಕೊಡುವ ಕಂಪನಿಗೆ, ಕಾಲೇಜಿನ ವೈಫೈ ನಡೆಸುವವರಿಗೆ ನಿಮ್ಮ ಓಡಾಟ ಕಾಣುತ್ತದೆ. ಇದೇ ವಿಷಯಕ್ಕೆ ಗೂಗಲ್ ವಿರುದ್ಧ ಅಮೆರಿಕದಲ್ಲಿ 2020ರಲ್ಲಿ ದಾವೆ ಹೂಡಲಾಗಿತ್ತು. 2024ರ ಏಪ್ರಿಲ್‌ನಲ್ಲಿ ಸಲ್ಲಿಕೆಯಾದ ರಾಜಿಯಂತೆ ಸಂಗ್ರಹಿಸಿದ್ದ ಅಪಾರ ದಾಖಲೆ ಅಳಿಸಲು ಕಂಪನಿ ಒಪ್ಪಿತು.

ನಮ್ಮ ಕಡೆಯ ದೊಡ್ಡ ಸೋರಿಕೆ ಇದಕ್ಕಿಂತ ಸರಳ: ಡೌನ್‌ಲೋಡ್ಸ್ ಫೋಲ್ಡರ್. ಇನ್‌ಕಾಗ್ನಿಟೊದಲ್ಲಿ ಇಳಿಸಿದ ಫೈಲ್ ಕಿಟಕಿ ಮುಚ್ಚಿದ ಮೇಲೂ ಅಲ್ಲಿಯೇ ಇರುತ್ತದೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಅದು ಇಂಗ್ಲಿಷ್‌ನಲ್ಲಿ ಬರೆದ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಪಕ್ಕದ ಮೇಜಿನ ಮೇಲೆ ಬಿದ್ದ ಜೆರಾಕ್ಸ್ ನೋಡಿದರೇ ಸಿಗುತ್ತದೆ. ಪ್ರಿಂಟ್ ಆದ ಮೇಲೆ ಅಲ್ಲಿ ಕೂತವರಿಗೆ “ಆ ಫೈಲ್ ಡಿಲೀಟ್ ಮಾಡ್ರಿ, ರಿಸೈಕಲ್ ಬಿನ್ನೂ ಖಾಲಿ ಮಾಡ್ರಿ” ಎಂದು ಹೇಳಿ, ಎದುರಿಗೇ ಮಾಡಿಸಿ. ಫೈಲ್ ಆಯ್ದು ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಎರಡೂ ಒಮ್ಮೆಲೇ ಆಗುತ್ತದೆ. ವಾಟ್ಸ್ಆ್ಯಪ್ ವೆಬ್ ಬಳಸಿದ್ದರೆ ಫೋನಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಅಲ್ಲಿಂದಲೇ ಲಾಗ್‌ಔಟ್ ಮಾಡಿ.

ನೆಟ್ ಸೆಂಟರ್ ನಡೆಸುವವರು ಪ್ರತಿ ಗಿರಾಕಿಗೂ ‘ಗೆಸ್ಟ್’ ಕಿಟಕಿ ತೆರೆದು, ಗಿರಾಕಿ ಎದ್ದ ಕೂಡಲೇ ಮುಚ್ಚುವುದು ಒಳ್ಳೆಯದು. ‘ಪಾಸ್‌ವರ್ಡ್ ಉಳಿಸಬೇಕೆ’ ಎಂದು ಕೇಳುವುದನ್ನೇ ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿಡಬೇಕು. ಮನೆಯ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಉಳಿಸುವವರಿಗೆ ಫೈರ್‌ಫಾಕ್ಸ್‌ನ ‘ಪ್ರೈಮರಿ ಪಾಸ್‌ವರ್ಡ್’ ಉಪಯುಕ್ತ. ಅದೊಂದನ್ನು ಕೊಡದೆ ಉಳಿದವು ತೆರೆಯುವುದಿಲ್ಲ.

‘ಅಲೋ’ ಒತ್ತಿದ್ದರ ಫಲ

ಫೋನಿನಲ್ಲಿ ದಿನವಿಡೀ ‘ವೈರಸ್ ಬಂದಿದೆ’, ‘ಬಹುಮಾನ ಗೆದ್ದಿದ್ದೀರಿ’ ಎಂದು ಬರುತ್ತಿದ್ದರೆ ಹೆಚ್ಚಿನ ಸಲ ಅದು ವೈರಸ್ಸೇ ಅಲ್ಲ. ಎಂದೋ ಒಂದು ತಾಣ ‘ನೋಟಿಫಿಕೇಶನ್ ಕಳಿಸಲೇ’ ಎಂದು ಕೇಳಿದಾಗ ‘ಅಲೋ’ ಒತ್ತಿರುತ್ತೀರಿ. ‘ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಪುಸಲಾಯಿಸುವ ಪುಟಗಳೂ ಇವೆ. ಕ್ರೋಮ್‌ನ ಮೂರು ಚುಕ್ಕೆ, ಸೆಟ್ಟಿಂಗ್ಸ್, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಶನ್ಸ್’ ಹೀಗೆ ಹೋದರೆ ಅನುಮತಿ ಪಡೆದವರ ಪಟ್ಟಿ ಸಿಗುತ್ತದೆ. ಗುರುತಿಲ್ಲದ್ದೆಲ್ಲ ತೆಗೆಯಿರಿ. ಫೋನ್ ರಿಪೇರಿಗೆ ಕೊಡುವ ಮೊದಲು ಈ ಎರಡು ನಿಮಿಷದ ಕೆಲಸ ಮಾಡಿ ನೋಡಿ.

ಅರ್ಜಿ ‘ಸಬ್ಮಿಟ್ ಆಗವಲ್ದು’ ಎಂದಾಗ

ಗುಂಡಿ ಒತ್ತಿದರೂ ಪ್ರಿಂಟ್ ಬರದಿದ್ದರೆ ಮೊದಲು ಅಡ್ರೆಸ್ ಬಾರ್‌ನ ಬಲತುದಿ ನೋಡಿ. ಪಾಪ್-ಅಪ್ ತಡೆದಿದ್ದೇನೆ ಎಂಬ ಚಿಕ್ಕ ಚಿಹ್ನೆ ಅಲ್ಲಿರುತ್ತದೆ. ಹಲವು ಸರ್ಕಾರಿ ತಾಣಗಳು ರಸೀದಿ, ಪ್ರಮಾಣಪತ್ರವನ್ನು ಹೊಸ ಕಿಟಕಿಯಲ್ಲಿ ತೆರೆಯುತ್ತವೆ. ಚಿಹ್ನೆ ಒತ್ತಿ ಆ ತಾಣಕ್ಕೆ ಮಾತ್ರ ಅನುಮತಿ ಕೊಡಿ.

ಹಣ ಪಾವತಿಯ ಪುಟದಿಂದ ಮರಳಿ ಬರುವಾಗ ಲಾಗಿನ್ ಕಳೆದರೆ ತಡೆಯುವ ಕಟ್ಟುನಿಟ್ಟು ಹೆಚ್ಚಾಗಿರಬಹುದು. ಫೈರ್‌ಫಾಕ್ಸ್‌ನಲ್ಲಿ ಗುರಾಣಿ, ಬ್ರೇವ್‌ನಲ್ಲಿ ಸಿಂಹದ ಚಿಹ್ನೆ ಒತ್ತಿ ಆ ತಾಣಕ್ಕಷ್ಟೇ ಸಡಿಲಿಸಿ. ಇಂಗ್ಲಿಷ್ ಫಾರ್ಮನ್ನು ಬ್ರೌಸರ್‌ನಿಂದ ಕನ್ನಡಕ್ಕೆ ಅನುವಾದಿಸಿ ಓದುವುದು ಸರಿ. ತುಂಬುವ ಮೊದಲು ಮೂಲ ಭಾಷೆಗೆ ತಿರುಗಿಸಿ. ಅನುವಾದ ಪುಟದ ಒಳಗಿನ ಬರಹವನ್ನೇ ಬದಲಿಸುವುದರಿಂದ ಜಿಲ್ಲೆ, ತಾಲ್ಲೂಕು ಆರಿಸುವ ಪಟ್ಟಿಗಳು ಕೆಲಸ ನಿಲ್ಲಿಸುವುದುಂಟು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಬಂದ ಲಿಂಕ್ ಆ ಆ್ಯಪ್‌ನ ಒಳಗಿನ ಬ್ರೌಸರ್‌ನಲ್ಲೇ ತೆರೆಯುತ್ತದೆ. ಒಟಿಪಿ ನೋಡಲು ಹೊರಬಂದರೆ ಪುಟ ಮಾಯ. ಮೂರು ಚುಕ್ಕೆ ಒತ್ತಿ ಹೊರಗಿನ ಬ್ರೌಸರ್‌ನಲ್ಲಿ ತೆರೆದುಕೊಳ್ಳಿ.

ಗುತ್ತಿಗೆದಾರರ ಡಿಜಿಟಲ್ ಸಹಿಯ ತೊಂದರೆ ಬೇರೆ ಜಾತಿಯದು. ಮೊದಲು ಈ ಸಹಿ ಬ್ರೌಸರ್‌ನೊಳಗಿನ ಜಾವಾ ಮೂಲಕ ಆಗುತ್ತಿತ್ತು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಆ ದಾರಿ ಮುಚ್ಚಿದವು. ಈಗ ಸಹಿಯ ತಂತ್ರಾಂಶ ಕಂಪ್ಯೂಟರ್‌ನಲ್ಲಿ ಪ್ರತ್ಯೇಕವಾಗಿ ಓಡಬೇಕು, ಬ್ರೌಸರ್ ಅದರೊಂದಿಗೆ ಮಾತಾಡಬೇಕು. ಸಹಿ ಇಟ್ಟಿರುವ ಯುಎಸ್‌ಬಿ ಟೋಕನ್ (ಪೆನ್‌ಡ್ರೈವ್‌ನಂಥ ಸಾಧನ, ಕುಕೀ ಅಲ್ಲ) ಕಾಣದಿದ್ದರೆ ಆ ತಂತ್ರಾಂಶ ಓಡುತ್ತಿದೆಯೇ ಎಂದು ಗಡಿಯಾರದ ಪಕ್ಕ ನೋಡಿ. ಕ್ರೋಮ್‌ನ ಈಚಿನ ಆವೃತ್ತಿಗಳು ಈ ಮಾತುಕತೆಗೆ ನಿಮ್ಮ ಅನುಮತಿ ಕೇಳುತ್ತವೆ. ‘ಬ್ಲಾಕ್’ ಒತ್ತಿಬಿಟ್ಟಿದ್ದರೆ ಸೈಟ್ ಸೆಟ್ಟಿಂಗ್ಸ್‌ನಲ್ಲಿ ತಿದ್ದಬೇಕು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲೇ ಆಗಬೇಕು ಎನ್ನುವ ಹಳೆಯ ತಾಣಕ್ಕೆ ಎಡ್ಜ್ ಒಂದೇ ಗತಿ. ‘ಡಿಫಾಲ್ಟ್ ಬ್ರೌಸರ್’ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪ್ಲೋರರ್ ಮೋಡ್‌ಗೆ ಒಪ್ಪಿಗೆ ಕೊಟ್ಟು ಆ ವಿಳಾಸ ಸೇರಿಸಿ. ಅದು 30 ದಿನ ಉಳಿಯುತ್ತದೆ, ಆಮೇಲೆ ಮತ್ತೆ ಸೇರಿಸಬೇಕು.

ಕನ್ನಡ ಓದುಗರಿಗೆ ಎಡ್ಜ್‌ನ ಒಂದು ಕೊಡುಗೆ

ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಕನ್ನಡಕ್ಕೆ ಸಪ್ನಾ, ಗಗನ್ ಎಂಬ ಎರಡು ದನಿಗಳಿವೆ, ಉಚ್ಚಾರ ಚೆನ್ನಾಗಿದೆ. ಕಣ್ಣು ಮಂದವಾದ ಹಿರಿಯರಿಗೆ, ಉದ್ದನೆಯ ಟಿಪ್ಪಣಿ ಕೇಳುತ್ತ ಓದುವ ವಿದ್ಯಾರ್ಥಿಗಳಿಗೆ ಇದು ನಿಜಕ್ಕೂ ದೊಡ್ಡ ಸಹಾಯ. ಇಂಟರ್‌ನೆಟ್ ಬೇಕು, ಬರಹ ಯುನಿಕೋಡ್‌ನಲ್ಲಿರಬೇಕು. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡದಂತೆ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ. ಆದ್ದರಿಂದ ಅದನ್ನು ಅರ್ಥವಿಲ್ಲದಂತೆ ಓದುತ್ತದೆ.

ಹಾಗಾದರೆ ಯಾವುದು?

4 ಜಿಬಿ ರ‍್ಯಾಮ್‌ನ ವಿಂಡೋಸ್ 10 ಯಂತ್ರದಲ್ಲಿ ಎಡ್ಜ್ ಒಳ್ಳೆಯ ಆಯ್ಕೆ. ಆ ವಿಂಡೋಸ್‌ನ ಕೊನೆಯ ಆವೃತ್ತಿಯ ಮೇಲೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಎಡ್ಜ್‌ಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಬ್ರೌಸರ್ ಹೊಸದಾದ ಮಾತ್ರಕ್ಕೆ ಅಡಿಯ ವಿಂಡೋಸ್ ಭದ್ರವಾಗುವುದಿಲ್ಲ ಎಂಬುದು ನೆನಪಿರಲಿ. ವಿಂಡೋಸ್ 7ರಲ್ಲಿ ಕ್ರೋಮ್‌ನ ಕೊನೆಯ ಆವೃತ್ತಿ 109, ಅದು 2023ರ ಜನವರಿಯದು. ಅಂಥ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡ.

ನೆಟ್ ಸೆಂಟರ್‌ಗೆ ಫೈರ್‌ಫಾಕ್ಸ್ ಮತ್ತು ಅದರ ಬಣ್ಣದ ಡಬ್ಬಿಗಳು, ಜೊತೆಗೆ ಹಟಮಾರಿ ತಾಣಗಳಿಗಾಗಿ ಕ್ರೋಮ್. ಸೆಟ್ಟಿಂಗ್ಸ್ ಮುಟ್ಟುವ ಗೊಡವೆಯೇ ಬೇಡ, ಜಾಹೀರಾತು ಕಾಡದಿದ್ದರೆ ಸಾಕು ಎನ್ನುವವರ ಫೋನಿಗೆ ಬ್ರೇವ್. ಒಪೆರಾ ಮಿನಿ ಸಿಗ್ನಲ್ ಕಡಿಮೆಯಿರುವ ಹಳ್ಳಿಗಳಲ್ಲಿ ಇನ್ನೂ ಉಪಯೋಗಕ್ಕೆ ಬರುತ್ತದೆ, ಆದರೆ ಅದರ ಅತಿ ಉಳಿತಾಯದ ವಿಧಾನದಲ್ಲಿ ಪುಟ ಒಪೆರಾದ ಸರ್ವರ್ ಹೊಕ್ಕು ಕುಗ್ಗಿ ಬರುತ್ತದೆ. ಸುದ್ದಿ ಓದಲು ಸರಿ, ಪಾಸ್‌ವರ್ಡ್ ಬರೆಯಲು ಅಲ್ಲ.

ಯಾವುದನ್ನೇ ಆರಿಸಿ, ಅಪ್‌ಡೇಟ್ ಬಿಡಬೇಡಿ. ಮೂರು ಚುಕ್ಕೆ ಅಥವಾ ಮೂರು ಗೆರೆ, ‘ಹೆಲ್ಪ್’, ‘ಅಬೌಟ್’ ಒತ್ತಿದರೆ ತಾನೇ ಹುಡುಕಿ ಹಾಕಿಕೊಳ್ಳುತ್ತದೆ. ಬ್ರೌಸರ್ ಮುಚ್ಚಿ ತೆರೆದಾಗಲೇ ಅದು ಜಾರಿಗೆ ಬರುವುದು. ಟೆಂಡರ್ ಹಾಕುವವರು ಈ ಕೆಲಸವನ್ನು ಹಿಂದಿನ ಸಂಜೆಯೇ ಮುಗಿಸಿ, ಒಮ್ಮೆ ಲಾಗಿನ್ ಆಗಿ ನೋಡಿರಲಿ.

ಹೊಸ ಬ್ರೌಸರ್‌ಗೆ ಹೋಗುವಾಗ ಹಳೆಯದರ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ‘ಇಂಪೋರ್ಟ್’ ಗುಂಡಿಯಿಂದ ನೇರ ತರಬಹುದು. ಅದು ಕೆಲಸ ಮಾಡದೆ ಪಾಸ್‌ವರ್ಡ್‌ಗಳನ್ನು ಫೈಲ್ ಆಗಿ ಹೊರತೆಗೆಯಬೇಕಾಗಿ ಬಂದರೆ ಬರುವುದು ಸಿಎಸ್‌ವಿ ಫೈಲ್. ಅದರಲ್ಲಿ ನಿಮ್ಮ ಪ್ರತಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಬರಹದಂತೆ ಕಾಣುತ್ತದೆ. ಹೊಸದಕ್ಕೆ ಸೇರಿಸಿ ಆದ ಕೂಡಲೇ, ಬೇರೆ ಕೆಲಸಕ್ಕೆ ಏಳುವ ಮೊದಲು, ಅದನ್ನು ಶಿಫ್ಟ್ ಹಿಡಿದು ಡಿಲೀಟ್ ಮಾಡಿ.